ಕಾಶಿಯಲ್ಲಿ ಬಿಟ್ಟ ಸೀಮೆ

ಅರಸೀಕೆರೆ
6 ನವೆಂಬರ್ 2024

ಚಿ. ಸಾತ್ವಿಕಾಳಿಗೆ ಅಂಬುಜಾಕ್ಷಿ ಅತ್ತೆಯ ಆಶೀರ್ವಾದಗಳು.

ನಾವಿಬ್ಬರೂ ಇದ್ದ ಹಾಗೇ ಇದ್ದೇವೆ. ನನ್ನ ಕಿವಿ ಇನ್ನಷ್ಟು ಮಂದವಾಗಿದೆ, ನಿನ್ನ ದೊಡ್ಡಪ್ಪನ ಕಣ್ಣು ಇನ್ನಷ್ಟು ಮಂಜಾಗಿದೆ. ಅವನು ಕೇಳಿಸಿಕೊಂಡು ನನಗೆ ಕೂಗಿ ಹೇಳುತ್ತಾನೆ, ನಾನು ನೋಡಿ ಅವನಿಗೆ ಓದಿ ಹೇಳುತ್ತೇನೆ. ಇಬ್ಬರೂ ಸೇರಿದರೆ ಹೇಗೋ ಒಬ್ಬ ಮನುಷ್ಯ ಆಗುತ್ತದೆ. ಅದಕ್ಕೇ ಫೋನು ಮಾಡಬೇಡ ಕಣೇ. ನೀನೊಂದು ಹೇಳುತ್ತೀಯ, ನಾನೊಂದು ಕೇಳಿಸಿಕೊಳ್ಳುತ್ತೇನೆ. ಕಾಗದ ಬರೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಸುಣ್ಣದ ಕಾರ್ಖಾನೆ ನೋಡಲು ಪೋಲೆಂಡಿನ ಒಂದು ಕಂಪನಿಯವರು ಬಂದಿದ್ದರು. ಧೂಳು ಹಾರದ ಸುಣ್ಣ, ಚಿತ್ರ ಬರೆಯುವ ಬಣ್ಣದ ಕಡ್ಡಿ ಮಾಡುವವರಂತೆ. ಅರ್ಧ ಪಾಲು ತೆಗೆದುಕೊಂಡು ಹೊಸ ಮೆಷೀನು ಹಾಕುತ್ತಾರಂತೆ, ಇರುವ ಜನರಲ್ಲಿ ಒಬ್ಬರನ್ನೂ ಬಿಡಿಸುವುದಿಲ್ಲವಂತೆ. ಮಾರ್ಚ್ ಕೊನೆಯೊಳಗೆ ಉತ್ತರ ಕೊಡಬೇಕು. ನನ್ನ ಕೇಳಿದರೆ ನಾಳೆಯೇ ಆಗಲಿ. ಶಾಲೆಗಳಲ್ಲೆಲ್ಲ ಈಗ ಬಿಳಿ ಹಲಗೆ, ಟಿ.ವಿ. ಹಲಗೆ. ಹೀಗೇ ಬಿಟ್ಟರೆ ಬರುವ ವರ್ಷ ಬೀಗ ಹಾಕಬೇಕು. ಪ್ಯಾಕಿಂಗಿನ ವನಮಾಲಾ ಮದುವೆಗೆ ಮುಂಚೆಯಿಂದ ನಮ್ಮಲ್ಲಿದ್ದಾಳೆ. ಅವಳೂ ಅವಳ ಕೈಕೆಳಗಿನ ಹೆಂಗಸರೂ ಎಲ್ಲಿಗೆ ಹೋಗಬೇಕು?

ಆದರೆ ನಮ್ಮಣ್ಣ, ನಿನ್ನ ದೊಡ್ಡಪ್ಪ, ರುಜು ಹಾಕದೆ ಏನೂ ಆಗದು. ಅವನು ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. "ಅಪ್ಪ ಕಾಶೀಲಿ ಸೀಮೆ ಬಿಟ್ಟೋರು ಕಣೇ ಅಂಬುಜ. ಅವರು ಕಟ್ಟಿದ ಕಾರ್ಖಾನೇಲಿ ಸೀಮೆಯೋರನ್ನ ಕೂರಿಸ್ತೀಯಾ?" ಅನ್ನುತ್ತಾನೆ.

ಈ ಕಥೆ ನಿನಗೂ ಗೊತ್ತು. ಕಾಶಿಗೆ ಹೋದವರು ತಮಗೆ ಪ್ರೀತಿಯಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರುತ್ತಾರೆ, ಆಮೇಲೆ ಸಾಯುವವರೆಗೆ ಮುಟ್ಟುವುದಿಲ್ಲ. ನಿನ್ನ ತಾತ 1949ರಲ್ಲಿ ಹೋದಾಗ ಬಿಟ್ಟದ್ದು ತರಕಾರಿಯಲ್ಲ, ಇಡೀ ಸೀಮೆ. ಸೀಮೆಯಿಂದ, ಅಂದರೆ ಪರದೇಶದಿಂದ ಬಂದ ಸಾಮಾನೆಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮಮ್ಮ ಸಂಕಲ್ಪದಲ್ಲಿ "ವಿದೇಶೀಯ" ಅಂದದ್ದನ್ನು ಕಿವಿಯಾರೆ ಕೇಳಿದ್ದಳು. ಅದಾದ ಮೇಲೆಯೇ ಕಾರ್ಖಾನೆ ಹುಟ್ಟಿದ್ದು. ಡಬ್ಬಿಯ ಮೇಲೂ ಸೀಮೆಸುಣ್ಣ ಅಂತ ಹಾಕದೆ "ನಾಡಸುಣ್ಣ" ಅಂತ ಹಾಕಿಸಿದರು. ಜನ ಮಾತ್ರ ಇವತ್ತಿಗೂ ಅಂಗಡಿಯಲ್ಲಿ "ಒಂದು ಡಬ್ಬಿ ನಾಡಸುಣ್ಣದ ಸೀಮೆಸುಣ್ಣ ಕೊಡಿ" ಅನ್ನುತ್ತಾರೆ.

ಬಿಟ್ಟದ್ದರ ಹೆಸರು ಬಾಯಲ್ಲಿ ತರಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಅಪ್ಪ ತಾವಾಗಿ ಒಂದು ಮಾತೂ ಹೇಳಲಿಲ್ಲ. ನೀನು ಅಲ್ಲೇ ಕಾಶಿಯಲ್ಲಿದ್ದೀಯಲ್ಲ, ಶಿವಾಲದ ಪ್ರಾಣೇಶ ಭಟ್ಟರ ಮನೆಗೆ ಹೋಗಿ ಕೇಳಿಕೊಂಡು ಬಾ. ಅವರೇ ಅಪ್ಪನಿಗೆ ಸಂಕಲ್ಪ ಮಾಡಿಸಿದವರು. ಈಗ ಅವರಿಲ್ಲ, ಮಗ ರಘುನಂದನ ಭಟ್ಟರಿದ್ದಾರೆ. ಅಪ್ಪ ಬಿಟ್ಟದ್ದು ತಮ್ಮೊಬ್ಬರಿಗೋ, ಮಕ್ಕಳನ್ನೂ ಸೇರಿಸಿಯೋ? ಅಷ್ಟು ತಿಳಿದರೆ ಸಾಕು.

ಇನ್ನೊಂದು ಮಾತು. ಸ್ವಾತಂತ್ರ್ಯ ಬಂದ ದೇಶ ಆಮೇಲೆ ಹೇಗೆ ಬದುಕು ಮಾಡಿತು ಅಂತ ನೀನು ಅಲ್ಲಿ ಯೂನಿವರ್ಸಿಟಿಯಲ್ಲಿ ಪಾಠ ಮಾಡುವವಳು. ಹೊರಗಿನವರನ್ನು ಒಳಗೆ ಬಿಡಬೇಕೋ ಬಿಡಬಾರದೋ? ಒಂದೇ ಮಾತಿನಲ್ಲಿ ಬರೆ.

ಅತ್ತೆ


ಜಂಗಮವಾಡಿ, ವಾರಾಣಸಿ
21 ನವೆಂಬರ್ 2024

ಪ್ರೀತಿಯ ಅತ್ತೆಗೆ ಸಾತ್ವಿಕಾಳ ನಮಸ್ಕಾರಗಳು.

ಪರೀಕ್ಷೆಯ ಗಲಾಟೆಯಲ್ಲಿ ತಡವಾಯಿತು, ಬೈಯಬೇಡಿ. ಒಂದೇ ಮಾತಿನಲ್ಲಿ ಬರೆ ಅಂದಿದ್ದೀರಿ. ಅದು ಗೊತ್ತಿದ್ದರೆ ಇಷ್ಟು ವರ್ಷ ಯಾಕೆ ಪಾಠ ಮಾಡುತ್ತಿದ್ದೆ?

ನನ್ನ ತಲೆ ಕೆಡಿಸಿದ್ದು ನಿಮ್ಮ ಪೋಲೆಂಡು. ನಮ್ಮನ್ನು ಮೊದಲು ಹಿಡಿದದ್ದು ಸೈನ್ಯವಲ್ಲ, ಒಂದು ಕಂಪನಿ. ವ್ಯಾಪಾರಕ್ಕೆ ಅಂತ ಬಾಗಿಲಲ್ಲಿ ನಿಂತವರು ಆಮೇಲೆ ಮನೆಯ ಯಜಮಾನರಾದರು. ಅವರ ಬಟ್ಟೆ ಸುಟ್ಟು, ನಮ್ಮ ಉಪ್ಪು ಮಾಡಿ, ಅವರ ಸಾಮಾನು ಬೇಡ ಅಂತಲೇ ನಾವು ಹೋರಾಡಿದೆವು. ಹಾಗಾಗಿ ಗೆದ್ದ ಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಬಾಗಿಲಿಗೆ ಚಿಲಕ ಹಾಕಿದ್ದು. ಪೋಲೆಂಡಿನವರನ್ನು ಹಿಡಿತದಲ್ಲಿಟ್ಟಿದ್ದ ಕಮ್ಯುನಿಸ್ಟರು ಅಂಗಡಿಗಳನ್ನೆಲ್ಲ ಸರ್ಕಾರದ್ದು ಮಾಡಿ ಬಾಗಿಲು ಹಾಕಿದ್ದರು. ಪೋಲೆಂಡಿನವರು ಬಿಡುಗಡೆಯಾದ ಕೂಡಲೇ ಬಾಗಿಲು ಪೂರ್ತಿ ತೆರೆದರು. ನಾವು ಹಾಕಿಕೊಂಡದ್ದಕ್ಕೂ ಸ್ವಾತಂತ್ರ್ಯ ಅಂತಲೇ ಹೆಸರು, ಅವರು ತೆರೆದದ್ದಕ್ಕೂ ಸ್ವಾತಂತ್ರ್ಯ ಅಂತಲೇ ಹೆಸರು. ಯಾರಿಂದ ಹೇಗೆ ಬಿಡಿಸಿಕೊಂಡೆವೋ ಅದೇ ಆಮೇಲಿನ ಸಂಸಾರವನ್ನು ನಡೆಸುತ್ತದೆ ಅಂತ ಕ್ಲಾಸಿನಲ್ಲಿ ಹೇಳುತ್ತೇನೆ. ಅದು ಒಳ್ಳೆಯದೋ ಕೆಟ್ಟದೋ ಅಂತ ಹುಡುಗರು ಕೇಳಿದರೆ ಗಂಟೆ ಹೊಡೆಯಲಿ ಅಂತ ಕಾಯುತ್ತೇನೆ.

ಶಿವಾಲಕ್ಕೆ ಹೋಗಿದ್ದೆ. ರಘುನಂದನ ಭಟ್ಟರು ಯಾತ್ರಿಕರ ಗಡಿಬಿಡಿಯಲ್ಲಿದ್ದರು. ಅವರ ತಾಯಿ ಕಾಮಾಕ್ಷಮ್ಮನವರಿಗೆ ತೊಂಬತ್ತರ ಹತ್ತಿರ. ಹುಟ್ಟಿದ್ದೂ ಬೆಳೆದದ್ದೂ ಕಾಶಿಯಲ್ಲೇ, ದಕ್ಷಿಣ ನೋಡಿಯೇ ಇಲ್ಲ. ತಾತ ಬಂದಾಗ ಅವರು ಆ ಮನೆಗೆ ಹೊಸ ಸೊಸೆ. "ಅರಸೀಕೆರೆಯ ಬದರೀನಾರಾಯಣರು" ಅಂದ ಕೂಡಲೇ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಹಾಂ ಹಾಂ ಬಿಟಿಯಾ, ಯಾದ್ ಇದೆ. ವಿದೇಶೀಯ... ತ್ಯಾಗಂ ಕರಿಷ್ಯೇ! ನಮ್ಮ ಯಜಮಾನರು ಮನೇಗೆ ಬಂದು ಅದನ್ನೇ ಹೇಳಿ ಹೇಳಿ ನಕ್ಕಿದ್ದರು" ಅಂದರು.

ಹಾಗಾದರೆ ದೊಡ್ಡಪ್ಪ ಹೇಳುವುದು ನಿಜ ಅತ್ತೆ, ತಾತ ಬಿಟ್ಟದ್ದು ವಿದೇಶವನ್ನೇ. ಮಕ್ಕಳಿಗೂ ಸೇರಿದ್ದೋ ಅಂತ ಭಟ್ಟರನ್ನು ಕೇಳಿದೆ. "ಬಿಟ್ಟವರಿಗೆ ಬಿಟ್ಟದ್ದು. ಮಕ್ಕಳು ನಡೆಸಿಕೊಂಡು ಬಂದರೆ ಅವರವರ ಶ್ರದ್ಧೆ" ಅಂದರು.

ನಿಮ್ಮ
ಸಾತ್ವಿಕಾ


ಅರಸೀಕೆರೆ
4 ಡಿಸೆಂಬರ್ 2024

ಚಿ. ಸಾತ್ವಿಕಾಳಿಗೆ.

ನಿನ್ನ ಕಾಗದ ಬಂತು. ಅಣ್ಣನಿಗೆ ಓದಿ ಹೇಳಿದೆ. "ವಿದೇಶೀಯ" ಅನ್ನುವ ಸಾಲನ್ನು ಮತ್ತೆ ಮತ್ತೆ ಓದಿಸಿಕೊಂಡ. ಅವರವರ ಶ್ರದ್ಧೆ ಅನ್ನುವ ಸಾಲಿಗೆ ಬಂದಾಗ "ಸಾಕು ಬಿಡು" ಅಂದ. ಇಸ್ತ್ರಿಯ ಖಾದಿ ಅಂಗಿ ಹಾಕಿಕೊಂಡು ಕಾರ್ಖಾನೆಗೆ ಹೋಗಿ, ಸುಣ್ಣದ ಅಚ್ಚು ಹಾಕುವ ಕುಮಾರಯ್ಯನ ಎದುರಿಗೇ ಪೋಲೆಂಡಿನವರ ಬೆಂಗಳೂರಿನ ಏಜೆಂಟನಿಗೆ ಫೋನು ಮಾಡಿಸಿ ಆಗುವುದಿಲ್ಲ ಅಂದುಬಿಟ್ಟ. ಮಾರ್ಚ್ ಕೊನೆಯವರೆಗೂ ಕಾಯುತ್ತೇವೆ, ಮನಸ್ಸು ಬದಲಾದರೆ ತಿಳಿಸಿ ಅಂದರಂತೆ. ಒಳ್ಳೆಯ ಜನ.

ನಿನ್ನ ಪಾಠವನ್ನು ಓದಿದಾಗ ಅಣ್ಣ ತನ್ನ ಪಕ್ಷ ಅಂದುಕೊಂಡ, ನಾನು ನನ್ನ ಪಕ್ಷ ಅಂದುಕೊಂಡೆ. ಇದೆಂಥ ವಿದ್ಯೆಯೇ? ನಾನು ಓದಿಲ್ಲ, ಆದರೂ ಎರಡನ್ನೂ ಕಂಡಿದ್ದೇನೆ. ಹೊರಗಿನ ಸುಣ್ಣ ಬರದ ಹಾಗೆ ಸರ್ಕಾರ ಬಾಗಿಲು ಹಾಕಿತ್ತು ಅಂತಲೇ ನಮ್ಮ ಕಾರ್ಖಾನೆ ಕಣ್ಣು ಬಿಟ್ಟಿತು. ಇಲ್ಲದಿದ್ದರೆ ಹುಟ್ಟುತ್ತಲೇ ಇರಲಿಲ್ಲ. ಅದೇ ಬಾಗಿಲ ಹಿಂದೆ ಕೂತು ಸೋಮಾರಿಗಳೂ ಆದೆವು. ನಮ್ಮ ಸುಣ್ಣ ಹಲಗೆಯ ಮೇಲೆ ಕಿರ್ರ್ ಅನ್ನುತ್ತಿತ್ತು, ಅರ್ಧಕ್ಕೇ ಮುರಿಯುತ್ತಿತ್ತು. ಮೇಷ್ಟ್ರುಗಳು ಬೈದುಕೊಂಡೇ ಕೊಳ್ಳುತ್ತಿದ್ದರು, ಬೇರೆ ಸಿಕ್ಕರೆ ತಾನೇ! ತೊಂಬತ್ತೊಂದರಲ್ಲಿ ಬಾಗಿಲು ತೆರೆದ ಮೇಲೇ ಅಣ್ಣ ಗಾರೆ ಹದ ಮಾಡುವುದನ್ನು ಸರಿಯಾಗಿ ಕಲಿತದ್ದು.

ಅಣ್ಣನ ಕಣ್ಣಿನ ಪೊರೆ ತೆಗೆಸೋಣ ಅಂದರೆ ಅದಕ್ಕೂ ಇದೇ ರಾಗ. ಒಳಗೆ ಇಡುವ ಲೆನ್ಸು ಈಗ ನಮ್ಮ ದೇಶದಲ್ಲೇ ಮಾಡುತ್ತಾರೆ ಅಂತ ಡಾಕ್ಟರು ಹೇಳಿದರೆ, "ಕುಯ್ಯೋ ಮೆಷೀನು ಎಲ್ಲೀದು?" ಅಂತ ಕೇಳಿದ.

ಪೋಲೆಂಡಿನವರು ಬರುವುದು ನಿನಗೂ ಮನಸ್ಸಿಲ್ಲ ಅಂತ ಕಾಣುತ್ತದೆ. ಹಾಗಿದ್ದರೆ ಅದನ್ನೇ ನೇರವಾಗಿ ಬರೆ. ಬಣ್ಣದ ಸುಣ್ಣದ ವಿಭಾಗವನ್ನು ಸಂಕ್ರಾಂತಿಗೆ ಮುಚ್ಚುತ್ತೇವೆ. ವನಮಾಲಾಳಿಗೆ ಇನ್ನೂ ಹೇಳಿಲ್ಲ.

ಅತ್ತೆ


ಜಂಗಮವಾಡಿ, ವಾರಾಣಸಿ
16 ಡಿಸೆಂಬರ್ 2024

ಪ್ರೀತಿಯ ಅತ್ತೆಗೆ.

ಕೋಪದಲ್ಲಿ ಬರೆದಿದ್ದೀರಿ, ನನಗೂ ನೋವಾಯಿತು. ನನಗೆ ಮನಸ್ಸಿದೆಯೋ ಇಲ್ಲವೋ ಅನ್ನುವುದು ನಿಜವಾಗಿ ನನಗೇ ಗೊತ್ತಿಲ್ಲ. ನಾನು ಬರೆಯುತ್ತಿರುವ ಪುಸ್ತಕದ ಮೊದಲ ಪುಟವೇ ತಾತ ಕೇದಾರ ಘಾಟಿನಲ್ಲಿ ಸೀಮೆ ಬಿಟ್ಟ ಕಥೆ. ಅದನ್ನು ನಿಮಗೆ ಹೇಳಿರಲಿಲ್ಲ. ಕಾಮಾಕ್ಷಮ್ಮ "ವಿದೇಶೀಯ" ಅಂದಾಗ ನನಗೆ ಒಳಗೇ ಖುಷಿಯಾಯಿತು, ಹಾಗಾಗಿ ಮುಂದೆ ಕೇಳದೆ ಎದ್ದು ಬಂದುಬಿಟ್ಟೆ. ರಾತ್ರಿ ಮಲಗಿದಾಗ ಅನ್ನಿಸಿತು: ಅಷ್ಟು ದೊಡ್ಡ ತ್ಯಾಗಕ್ಕೆ ಪ್ರಾಣೇಶ ಭಟ್ಟರು ಮನೆಗೆ ಬಂದು ನಕ್ಕದ್ದು ಯಾಕೆ?

ನಿಮ್ಮ ಕಾಗದ ಬಂದ ಮರುದಿನವೇ ಮತ್ತೆ ಹೋದೆ. ಮಂಜಿನಲ್ಲಿ ಟೋಟೋ ರಿಕ್ಷಾದವನು ಮದನಪುರದ ಹತ್ತಿರವೇ ಇಳಿಸಿಬಿಟ್ಟ, ನಡೆದೇ ಹೋದೆ. ಕಾಮಾಕ್ಷಮ್ಮ ಮಲಗಿದ್ದರು. ಈ ಸಲ ರಘುನಂದನ ಭಟ್ಟರು ಬಿಡುವಾಗಿ ಸಿಕ್ಕರು. ನಕ್ಕದ್ದು ಯಾಕೆ ಅಂತ ಕೇಳಿದೆ.

"ಅಯ್ಯೋ, ಅದು ನಮ್ಮ ಮನೇಲಿ ಹಳೇ ಮಜಾಕ್ ಅಮ್ಮಾ. ಆ ಸಾಹೇಬರು ಬಿಟ್ಟ ಸಬ್ಜಿಗೆ ಸಂಸ್ಕೃತದಲ್ಲಿ ಹೆಸರೇ ಇಲ್ಲ ಅಂತ ಅಪ್ಪಾಜಿ ಘಾಟಿನಲ್ಲೇ ಒಂದು ಹೆಸರು ಬನಾಯಿಸಿದರು. ವಿದೇಶೀಯ-ವೃಂತಾಕ-ತ್ಯಾಗಂ ಕರಿಷ್ಯೇ! ವೃಂತಾಕ ಅಂದರೆ ಬೈಂಗನ್. ಬಿಲಾಯತಿ ಬೈಂಗನ್."

ಬಿಲಾಯತಿ ಬೈಂಗನ್ ಅಂದರೇನು ಅಂತ ಕೇಳಿದೆ. "ಟಮಾಟರ್! ಇಲ್ಲಿ ಹಳಬರು ಟಮಾಟರಿಗೆ ಹಾಗೇ ಅಂತಾರೆ. ಟಮಾಟರ್ ಬಿಟ್ಟು ದಕ್ಷಿಣದವರು ಸಾರು ಹೇಗೆ ಮಾಡ್ತಾರೆ ಅಂತ ಅಪ್ಪಾಜಿಗೆ ನಗು" ಅಂದರು.

ಅತ್ತೆ, ನನಗೆ ಏನೂ ಅರ್ಥವಾಗುತ್ತಿಲ್ಲ. ತಾತ ಟೊಮೆಟೊ ಬಿಟ್ಟಿದ್ದರೇ? ನಾನು ಚಿಕ್ಕವಳಿದ್ದಾಗ ಅವರ ಪಕ್ಕ ಕೂತು ಊಟ ಮಾಡಿದ ನೆನಪಿದೆ, ಲೋಟದ ತುಂಬ ಟೊಮೆಟೊ ಸಾರು ಕುಡಿಯುತ್ತಿದ್ದರಲ್ಲ? ಇವರು ಬೇರೆ ಯಾರ ಕಥೆಯನ್ನೋ ತಾತನಿಗೆ ಗಂಟು ಹಾಕುತ್ತಿದ್ದಾರೆಯೇ? ದೊಡ್ಡಪ್ಪನಿಗೆ ಇದನ್ನು ಓದಬೇಡಿ.

ಸಾತ್ವಿಕಾ


ಅರಸೀಕೆರೆ
28 ಡಿಸೆಂಬರ್ 2024

ಎಲೇ ಪೆದ್ದೆ,

ಟೊಮೆಟೊ ಅಲ್ಲ ಕಣೇ! ನಿನ್ನ ಕಾಗದ ಹಿಡಿದುಕೊಂಡು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಿದ್ದೇ ನಕ್ಕಿದ್ದು. ಹುಚ್ಚು ಹಿಡಿಯಿತು ಅಂತ ಕೆಲಸದವಳು ಓಡಿ ಬಂದಳು. ಬಿಲಾಯತಿ ಅಂದರೆ ಸೀಮೆ. ಬೈಂಗನ್ ಅಂದರೆ ಬದನೆ. ಎರಡನ್ನೂ ಜೋಡಿಸಿ ನಮ್ಮ ಭಾಷೆಯಲ್ಲಿ ಓದು.

ಸೀಮೆಬದನೆಕಾಯಿ!

ಅಪ್ಪ ಸಂಕಲ್ಪಕ್ಕೆ ಕೂತಾಗ "ಸೀಮೆಬದನೆ" ಅಂದಿರಬೇಕು. ಕಾಶಿಯಲ್ಲಿ ಹುಟ್ಟಿ ಬೆಳೆದ ಭಟ್ಟರು ಆ ಕಾಯಿಯನ್ನು ಎಲ್ಲಿ ಕಂಡಿದ್ದರು ಪಾಪ. ಪದ ಪದವಾಗಿ ಬಿಡಿಸಿ ಸಂಸ್ಕೃತ ಮಾಡಿದ್ದಾರೆ. ಅಮ್ಮನಿಗೆ ವೃಂತಾಕ ಗೊತ್ತಿಲ್ಲ, ವಿದೇಶೀಯ ಗೊತ್ತು. ಆಗ ಎಲ್ಲರ ಬಾಯಲ್ಲೂ ಅದೇ ಮಾತು ತಾನೇ! ಅವಳು ಊರಿಗೆ ಕಾಗದ ಬರೆದಳು. ಅಪ್ಪ ರೈಲಿನಿಂದ ಇಳಿಯುವಾಗ ಊರಿನವರು ಹಾರ ಹಿಡಿದು ನಿಂತಿದ್ದರಂತೆ. ಕೊರಳಿಗೆ ಬಿದ್ದ ಹಾರ ತೆಗೆದು, ಇಲ್ಲ ಸ್ವಾಮಿ, ನಾನು ಬಿಟ್ಟದ್ದು ಬದನೆಕಾಯಿ ಅಂತ ಯಾರು ಹೇಳುತ್ತಾರೆ? ಬಿಟ್ಟದ್ದರ ಹೆಸರು ಹೇಳಬಾರದು ಅನ್ನುವ ಒಳ್ಳೆಯ ನೆಪವೂ ಇತ್ತು. ಆ ಹೆಸರಿನ ಮೇಲೇ ಶಾಲೆಗಳಿಗೆ ಸುಣ್ಣ ಕೊಡುವ ಕೆಲಸ ಸಿಕ್ಕಿತು. ಆಮೇಲೆ ಅವರೂ ಅದನ್ನೇ ನಂಬಿಬಿಟ್ಟರೋ ಏನೋ. ಖಾದಿ ಬಿಟ್ಟು ಬೇರೆ ಉಡಲಿಲ್ಲ.

ಈಗ ನೆನಪಾಗುತ್ತಿದೆ. ಅಪ್ಪ ಊರಿನಲ್ಲಿದ್ದ ದಿನ ಅಮ್ಮ ಸೀಮೆಬದನೆ ಮಾಡುತ್ತಲೇ ಇರಲಿಲ್ಲ. "ಅವರಿಗೆ ಯಾಕೋ ಸೇರೋಲ್ಲ" ಅನ್ನುತ್ತಿದ್ದಳು. ಅವರು ಬೆಂಗಳೂರಿಗೆ ಹೋದ ದಿನ ಮಾತ್ರ ಹುಳಿ ಮಾಡುತ್ತಿದ್ದಳು. ಅಪ್ಪ ಇಲ್ಲದ ದಿನದ ಹಬ್ಬ ಅದು ನಮಗೆ. ಅದಕ್ಕೇ ಅಣ್ಣನಿಗೆ ಆ ಕಾಯಿ ಅಂದರೆ ಪ್ರಾಣ. ಹಿತ್ತಲಿನ ಚಪ್ಪರಕ್ಕೆ ತಾನೇ ಬಳ್ಳಿ ಹಬ್ಬಿಸಿದ್ದಾನೆ, ವಾರಕ್ಕೊಮ್ಮೆಯಾದರೂ ಹುಳಿ ಆಗಲೇಬೇಕು. ಸೀಮೆ ಬಿಟ್ಟವನು ಸೀಮೆಬದನೆ ಯಾಕೆ ತಿನ್ನುತ್ತೀಯೋ ಅಂತ ರೇಗಿಸಿದರೆ, "ನಮ್ಮ ಹಿತ್ತಲಲ್ಲಿ ಬೆಳೆದ ಮೇಲೆ ನಮ್ಮದೇ" ಅನ್ನುತ್ತಾನೆ.

ನಗು ನಿಂತ ಮೇಲೆ ಯೋಚನೆ ಹತ್ತಿತು ಕಣೇ. ಅವನಿಗೆ ಹೇಗೆ ಹೇಳಲಿ? ವಿದೇಶದ ವಾಚು ಕಟ್ಟಲಿಲ್ಲ, ಔಷಧಿ ಬಾಟಲಿ ತಿರುಗಿಸಿ ತಿರುಗಿಸಿ ನೋಡಿದ, ಕಣ್ಣೇ ಹೋಗುತ್ತಿದೆ, ಆದರೂ ಅಪ್ಪನ ಮಾತು ಅಂತ ಕೂತಿದ್ದಾನೆ. ನೀನು ಹೀಗೆ ಬದುಕಿದ್ದು ಒಂದು ಬದನೆಕಾಯಿಗೆ ಅಂತ ಹೇಳಲೇ? ಹೇಳದಿದ್ದರೆ ಕಾರ್ಖಾನೆ ಹೋಗುತ್ತದೆ. ಹೇಳಿದರೆ ಅಣ್ಣ ಏನಾಗುತ್ತಾನೋ. ನನಗೆ ದಿಕ್ಕೇ ತೋಚುತ್ತಿಲ್ಲ. ಬೇಗ ಬರೆ.

ಅತ್ತೆ


ಜಂಗಮವಾಡಿ, ವಾರಾಣಸಿ
9 ಜನವರಿ 2025

ಅತ್ತೆ,

ಹೇಳಬೇಡಿ. ಮೊದಲು ಅದನ್ನು ಬರೆದುಬಿಡುತ್ತೇನೆ. ದಯವಿಟ್ಟು ಹೇಳಬೇಡಿ.

ನಿಮ್ಮ ಕಾಗದ ಓದಿ ನಾನೂ ನಕ್ಕೆ. ಆಮೇಲೆ ಪುಸ್ತಕದ ಮೊದಲ ಪುಟ ತೆಗೆದು ನೋಡುತ್ತ ಕೂತೆ. ಅದನ್ನು ಹರಿಯಬೇಕೋ, ಈಗಲೇ ಅದು ನಿಜವಾಯಿತೋ ಗೊತ್ತಾಗಲಿಲ್ಲ. ಹೋರಾಟದ ಕಾಲದಲ್ಲಿ ನಾವು ಏನನ್ನೋ ಬಿಟ್ಟೆವು. ಬಿಟ್ಟದ್ದು ಆಳುವವರನ್ನೋ, ಅವರ ಬಟ್ಟೆಯನ್ನೋ, ಹೊರಗಿನದನ್ನೆಲ್ಲವೋ ಅಂತ ಗೆದ್ದ ಮೇಲೆ ಯಾರೂ ಸರಿಯಾಗಿ ಕೇಳಿಕೊಳ್ಳಲಿಲ್ಲ. ಒಬ್ಬರು ಅರ್ಧ ಕೇಳಿಸಿಕೊಂಡರು, ಇನ್ನೊಬ್ಬರು ಅದನ್ನೇ ಕಾನೂನು ಮಾಡಿದರು. ಆ ಕಾನೂನಿನ ಹಿಂದೆ ಕಾರ್ಖಾನೆಗಳು ಎದ್ದವು, ಕಾಲೇಜುಗಳು ಎದ್ದವು, ವನಮಾಲಾಳ ಸಂಸಾರ ಎದ್ದಿತು. ಈಗ ಬಂದು ಮೂಲದಲ್ಲಿ ಇದ್ದದ್ದು ಬದನೆಕಾಯಿ ಅಂದರೆ ಅವೆಲ್ಲ ಸುಳ್ಳಾಗುತ್ತವೆಯೇ? ಇಂಥದ್ದನ್ನು ದೊಡ್ಡಪ್ಪನ ತಲೆಯ ಮೇಲೆ ಈ ವಯಸ್ಸಿನಲ್ಲಿ ಹಾಕಬೇಡಿ. ಬೇರೆ ದಾರಿ ಯೋಚಿಸೋಣ.

ಕುಂಭಕ್ಕೆ ಪ್ರಯಾಗಕ್ಕೆ ಹೊರಟವರೆಲ್ಲ ಇಲ್ಲಿಗೂ ಬರುತ್ತಿದ್ದಾರೆ, ಗಲ್ಲಿಗಳಲ್ಲಿ ಕಾಲಿಡಲು ಜಾಗವಿಲ್ಲ. ಇದು ನಿಮಗೆ ಯಾವಾಗ ಮುಟ್ಟುತ್ತದೋ ಕಾಣೆ.

ಸಾತ್ವಿಕಾ


ಅರಸೀಕೆರೆ
14 ಜನವರಿ 2025, ಸಂಕ್ರಾಂತಿ

ಚಿ. ಸಾತ್ವಿಕಾಳಿಗೆ ಆಶೀರ್ವಾದಗಳು.

ನಿನ್ನ ಉತ್ತರ ಬರಲಿಲ್ಲ. ಇವತ್ತು ಬಣ್ಣದ ವಿಭಾಗದ ಬಾಗಿಲು ಹಾಕಬೇಕಿತ್ತು. ವನಮಾಲಾ ಎಳ್ಳುಬೆಲ್ಲ ಕೊಡಲು ಮನೆಗೆ ಬಂದಳು. "ನಾಳೆಯಿಂದ ನಮ್ಮ ಹುಡುಗೀರು ಯಾವ ಟೇಬಲ್ಲಿಗೆ ಕೂರಬೇಕು ಅಮ್ಮಾ?" ಅಂತ ಕೇಳಿದಳು. ಅವಳಿಗೆ ಹೇಗೋ ಗೊತ್ತಾಗಿದೆ. ನನ್ನಿಂದ ತಡೆಯಲಾಗಲಿಲ್ಲ. ಅವಳು ಹೋದ ಮೇಲೆ ಅಣ್ಣನ ಎದುರಿಗೆ ಕೂತು ಎಲ್ಲ ಹೇಳಿಬಿಟ್ಟೆ.

"ಬದನೇಕಾಯಾ?" ಅಂದ.

ಹೌದು ಅಂದೆ. ಎದ್ದು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದ. ಚಪ್ಪರದ ಕೆಳಗೆ ಕೂತ. ಊಟಕ್ಕೆ ಕರೆದರೆ ಬರಲಿಲ್ಲ. ಯಾಕಾದರೂ ಹೇಳಿದೆನೋ ಅಂತ ಅತ್ತುಬಿಟ್ಟೆ. ದೀಪ ಹಚ್ಚುವ ಹೊತ್ತಿಗೆ ಒಳಗೆ ಬಂದು ಹೇಳಿದ:

"ಅಪ್ಪ ಬಿಟ್ಟಿದ್ದು ಅಪ್ಪನಿಗೆ. ನಾನು ಇಷ್ಟು ವರ್ಷ ಬಿಟ್ಟಿದ್ದು ಸುಳ್ಳಲ್ಲ ಕಣೇ ಅಂಬುಜ, ನಾನು ಬಿಟ್ಟಿದ್ದು ನಿಜ. ಆದರೆ ನಾನು ಕಾಶಿಗೇ ಹೋಗಿಲ್ಲವಲ್ಲ! ಶಾಸ್ತ್ರಕ್ಕೆ ನೋಡಿದರೆ ನಾನಿನ್ನೂ ಏನೂ ಬಿಟ್ಟಿಲ್ಲ. ಟಿಕೆಟ್ ತೆಗೆಸು. ಹೋಗಿ ನಂದು ನಾನು ಬಿಟ್ಟು ಬರ್ತೀನಿ."

ಏನು ಬಿಡುತ್ತೀಯ ಅಂತ ಕೇಳಿದೆ. "ಹೆಸರು ಹೇಳಬಾರದು" ಅಂದ. ಅಪ್ಪನ ಮಗನೇ ಸರಿ.

ಕುಂಭದ ಜನ ಕರಗಿದ ಮೇಲೆ ಬರುತ್ತೇವೆ. ಬಣ್ಣದ ವಿಭಾಗಕ್ಕೆ ಇನ್ನೂ ಬೀಗ ಹಾಕಿಸಿಲ್ಲ.

ಅತ್ತೆ

17ನೇ ತಾರೀಕು. ಇದನ್ನು ಅಂಚೆಗೆ ಹಾಕಲು ಹೊರಟಾಗಲೇ ನಿನ್ನ ಕಾಗದ ಬಂತು. ಹೇಳಬೇಡಿ ಅಂದಿದ್ದೀಯ. ಆಗಿಹೋಯಿತಲ್ಲ ತಾಯಿ, ಇನ್ನೇನು ಮಾಡಲಿ?


ಜಂಗಮವಾಡಿ, ವಾರಾಣಸಿ
11 ಮಾರ್ಚ್ 2025

ಪ್ರೀತಿಯ ಅತ್ತೆಗೆ.

ನೀವಿಬ್ಬರೂ ಸುಖವಾಗಿ ಊರು ತಲುಪಿದಿರಿ ಅಂತ ಕುಮಾರಯ್ಯ ಫೋನಿನಲ್ಲಿ ಹೇಳಿದ. ನೀವು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ದೊಡ್ಡಪ್ಪ ಒಣಹಾಕಿದ್ದ ಪಂಚೆ ಮಹಡಿಯ ಮೇಲೇ ಉಳಿದಿತ್ತು, ಕೋತಿ ಎತ್ತಿಕೊಂಡು ಹೋಗುವ ಮೊದಲೇ ತೆಗೆದಿಟ್ಟಿದ್ದೇನೆ.

ಎದುರಿಗೆ ಕೇಳಲಾಗದ್ದನ್ನು ಈಗ ಕೇಳುತ್ತಿದ್ದೇನೆ. ಕೇದಾರ ಘಾಟಿನಲ್ಲಿ ದೊಡ್ಡಪ್ಪ ಸಂಕಲ್ಪಕ್ಕೆ ಕೂತಾಗ ನೀವು ಮೇಲಿನ ಮೆಟ್ಟಿಲಿನಲ್ಲಿ ಕಾಮಾಕ್ಷಮ್ಮನವರ ಜೊತೆ ಇದ್ದಿರಿ. ನಾನು ಹತ್ತಿರವೇ ಇದ್ದೆ. ಏನು ಬಿಡುತ್ತೀರಿ ಅಂತ ಭಟ್ಟರು ಕೇಳಿದರು. ದೊಡ್ಡಪ್ಪ ಬಗ್ಗಿ ಅವರ ಕಿವಿಯಲ್ಲಿ ಹೇಳಿದರು. ಭಟ್ಟರು ಒಂದು ಗಳಿಗೆ ದೊಡ್ಡಪ್ಪನ ಮುಖ ನೋಡಿದರು, ಆಮೇಲೆ ನೀರು ಹಾಕಿ ಶುರುಮಾಡಿದರು. ಸಂವತ್ಸರ ಕೇಳಿಸಿತು, ಮಾಸ ಕೇಳಿಸಿತು, ಗೋತ್ರ ಕೇಳಿಸಿತು. "ವಿದೇಶೀಯ" ಅನ್ನುವುದೂ ಕೇಳಿಸಿತು. ಅಷ್ಟರಲ್ಲಿ ಮೈಕು ಕಟ್ಟಿಕೊಂಡ ಮೋಟಾರು ದೋಣಿಯೊಂದು ದಡಕ್ಕೇ ಬಂತು. ಮತ್ತೆ ಕೇಳಿಸಿದ್ದು "ತ್ಯಾಗಂ ಕರಿಷ್ಯೇ". ನಡುವೆ ವೃಂತಾಕ ಇತ್ತೋ ಇರಲಿಲ್ಲವೋ, ದೇವರಾಣೆ ಗೊತ್ತಿಲ್ಲ. ತಾತನ ಪಕ್ಕ ಕೂತಿದ್ದ ಅಜ್ಜಿಯ ಪಾಡೇ ನನ್ನದೂ ಆಯಿತು!

ಭಟ್ಟರನ್ನು ಆಮೇಲೆ ಕೇಳಿದೆ. "ಅದು ಅವರ ಮತ್ತೆ ಗಂಗಾಜಿಯ ಬಾತ್ ಅಮ್ಮಾ. ಒಂದು ಸಲ ಮಜಾಕ್ ಮಾಡಿ ಆದ ಫಜೀತಿ ಸಾಕು" ಅಂದರು.

ದೊಡ್ಡಪ್ಪ ಬಿಟ್ಟದ್ದು ಬದನೆಯಾದರೆ ರುಜು ಹಾಕುತ್ತಾರೆ. ಸೀಮೆಯೇ ಆದರೆ ಇನ್ನು ಯಾರ ಮಾತಿಗೂ ಅವರು ಬಗ್ಗುವುದಿಲ್ಲ, ಕಾರ್ಖಾನೆ ಮುಗಿಯಿತು. ಅವರು ಸೀಮೆಯನ್ನೇ ಬಿಟ್ಟಿರಲಿ ಅಂತಲೂ ಒಂದೊಂದು ಸಲ ಅನ್ನಿಸುತ್ತದೆ ಅತ್ತೆ, ಅಷ್ಟು ನೆಟ್ಟಗೆ ಕೂತಿದ್ದರು ಅಲ್ಲಿ. ಮರುಗಳಿಗೆ ವನಮಾಲಾ ನೆನಪಾಗುತ್ತಾಳೆ. ಏನಾಯಿತು, ಬೇಗ ಬರೆಯಿರಿ.

ಸಾತ್ವಿಕಾ


ಅರಸೀಕೆರೆ
24 ಮಾರ್ಚ್ 2025

ಚಿ. ಸಾತ್ವಿಕಾಳಿಗೆ ಅತ್ತೆಯ ಆಶೀರ್ವಾದಗಳು.

ಅವನು ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ. ನಿನ್ನೆ ಭಾನುವಾರ ಕಾಶಿ ಸಮಾರಾಧನೆ ಇಟ್ಟುಕೊಂಡೆವು. ಕಾರ್ಖಾನೆಯವರನ್ನೆಲ್ಲ ಊಟಕ್ಕೆ ಕರೆದಿದ್ದೆ. ಅಡುಗೆಯವರು ಕುಂಬಳಕಾಯಿ ಹುಳಿ ಅಂದರು. ಬೇಡ, ನಮ್ಮ ಚಪ್ಪರದ ಸೀಮೆಬದನೆ ಕೊಯ್ದು ಅದರದ್ದೇ ಮಾಡಿ ಅಂದೆ. ಅಣ್ಣನ ಹೆಂಡತಿ, ನಮ್ಮತ್ತಿಗೆ, ಬದುಕಿದ್ದಾಗ ಹಾಕುತ್ತಿದ್ದ ಹಾಗೆ ತೊಗರಿಬೇಳೆ ಜಾಸ್ತಿ ಹಾಕಿ, ಇಂಗಿನ ಒಗ್ಗರಣೆ ಕೊಡಿಸಿದೆ. ಬೀದಿಗೆಲ್ಲ ಘಮ್ಮೆಂದಿತು. ಅವನು ತಿಂದರೆ ಬಿಟ್ಟದ್ದು ಸೀಮೆ. ತಿನ್ನದಿದ್ದರೆ ಬಿಟ್ಟದ್ದು ಬದನೆ. ಇಷ್ಟೇ ನನ್ನ ಲೆಕ್ಕ.

ಎಲೆ ಹಾಕಿದ್ದಾಯಿತು. ಅಣ್ಣ ಮೊದಲ ಸಾಲಿನಲ್ಲಿ ಕೂತಿದ್ದ, ಎದುರು ಸಾಲಿನಲ್ಲಿ ವನಮಾಲಾ, ಕುಮಾರಯ್ಯ, ಎಲ್ಲರೂ. ಹುಳಿಯ ಬಕೆಟ್ಟು ನಾನೇ ಹಿಡಿದುಕೊಂಡು ಹೋದೆ. ಕಣ್ಣು ಕಾಣದಿದ್ದರೇನು, ಅವನ ಮೂಗಿಗೆ ನಾನು ಬರುವ ಮೊದಲೇ ಗೊತ್ತಾಗಿತ್ತು. ಸೌಟು ಎತ್ತಿದೆ.

ಅಣ್ಣ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ.

ನನಗೆ ಆಗ ಹೊಳೆಯಿತು ನೋಡು, ನನ್ನ ಲೆಕ್ಕ ಎಂಥ ದಡ್ಡ ಲೆಕ್ಕ ಅಂತ! ಸೀಮೆಯನ್ನೇ ಬಿಟ್ಟು ಬಂದಿದ್ದರೆ, ಹಠಕ್ಕೆ ಬಿದ್ದವನು ಸೀಮೆಬದನೆಯನ್ನೂ ಅದರಲ್ಲೇ ಸೇರಿಸಿರಬಹುದಲ್ಲ? ಹಿತ್ತಲಿನದು ನಮ್ಮದೇ ಅನ್ನುವ ಮಾತು ಹಳೆಯದು, ಇದು ಹೊಸ ಶಪಥ. ಸೌಟು ಹಿಡಿದು ಕಂಬದ ಹಾಗೆ ನಿಂತುಬಿಟ್ಟೆ.

"ಮುಂದಕ್ಕೆ ಹೋಗೇ, ಅವರಿಗೆಲ್ಲ ತಣ್ಣಗಾಗ್ತದೆ" ಅಂದ. ಆಮೇಲೆ, ನನ್ನ ಕಿವಿಗೆ ಕೇಳಲಿ ಅಂತ, ಇಡೀ ಪಂಕ್ತಿಗೆ ಕೇಳುವ ಹಾಗೆ ಕೂಗಿ ಹೇಳಿದ: "ನಾಳೆ ಕಣ್ಣಿನ ಡಾಕ್ಟರಿಗೆ ಹೇಳು. ಅದ್ಯಾವ ಮೆಷೀನೋ ಅದರಲ್ಲೇ ಮಾಡಲಿ. ಪೋಲೆಂಡಿನೋರ ಕಾಗದ ನಾನು ಓದದೆ ರುಜು ಹಾಕೋನಲ್ಲ. ಆಪರೇಷನ್ ಆಗೋವರೆಗೂ ತಾಳಿ ಅಂತ ಅವರಿಗೆ ತಿಳಿಸು."

ವನಮಾಲಾ ತುತ್ತು ಎತ್ತಿದ್ದವಳು ಹಾಗೇ ಕೂತಳು. ಕುಮಾರಯ್ಯ ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡ. ನಾನು ಅಳುತ್ತಲೇ ಬಡಿಸಿದೆ, ಯಾರ ಎಲೆಗೆ ಎಷ್ಟು ಹಾಕಿದೆನೋ ತಿಳಿಯದು. ಅಣ್ಣನಿಗೆ ಆ ಹುಳಿ ಎಷ್ಟು ಇಷ್ಟ ಅಂತ ನಿನಗೆ ಗೊತ್ತಿಲ್ಲ ಸಾತ್ವಿಕಾ. ಅವನು ಬರೀ ಮಜ್ಜಿಗೆ ಅನ್ನ ತಿಂದು ಎದ್ದ.

ಏಜೆಂಟನಿಗೆ ಇವತ್ತು ಫೋನು ಮಾಡಿಸಿದೆ, ತಾಳುತ್ತೇವೆ ಅಂದಿದ್ದಾರೆ. ಆಪರೇಷನ್ನು ಯುಗಾದಿ ಆದ ಮೇಲೆ. ನಿನ್ನ ಪುಸ್ತಕದಲ್ಲಿ ಇದನ್ನು ಹೇಗೆ ಬರೆಯುತ್ತೀಯೋ ಬರೆದುಕೋ, ನನ್ನನ್ನು ಕೇಳಬೇಡ. ಅಣ್ಣ ಗೆದ್ದನೋ ಸೋತನೋ ನನಗೂ ಗೊತ್ತಿಲ್ಲ.

ಊಟ ಮುಗಿಸಿ ಎಲ್ಲರೂ ಕೈ ತೊಳೆದು ಹೊರಡುತ್ತಿದ್ದರು. ಅಣ್ಣ ಹಜಾರದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ವನಮಾಲಾ ಹೋಗುವಾಗ ಅವಳನ್ನು ಹತ್ತಿರ ಕರೆದು, ನನಗೆ ಕೇಳಿಸುವುದಿಲ್ಲ ಅಂದುಕೊಂಡು ಮೆಲ್ಲಗೆ ಏನೋ ಕೇಳಿದ. ತುಟಿ ನೋಡಿಯೇ ನನಗೆ ತಿಳಿಯಿತು.

"ಹುಳಿ ಚೆನ್ನಾಗಿತ್ತಾ?"

ಅತ್ತೆ